ಎಷ್ಟು ಹೊತ್ತಿನ ನೀರು?

ನನ್ನ ಲ್ಯಾಪ್‌ಟಾಪಿನಲ್ಲಿ ‘ಹಾಲು’ ಅಂತ ಒಂದು ಫೋಲ್ಡರ್ ಇದೆ. ಹೊರಗಿನಿಂದ ನೋಡಿದವರು ಇವಳೇನು ಡೈರಿ ಶುರು ಮಾಡಿದಳಾ ಅಂದುಕೊಳ್ಳಬಹುದು. ಒಳಗಿರುವುದು 400ಕ್ಕೂ ಹೆಚ್ಚು ಜಲಪಾತದ ಫೋಟೋಗಳು. ಎಲ್ಲದರಲ್ಲೂ ನೀರು ಹಾಲಿನ ಹಾಗೆ, ಯಾರೋ ಹತ್ತಿ ಹಿಂಜಿ ಬಂಡೆಯ ಮೇಲೆ ಹರಡಿದ ಹಾಗೆ. ಆ ಹೆಸರಿಟ್ಟಾಗ ನನಗೆ ಭಾರೀ ಹೆಮ್ಮೆಯಿತ್ತು. ಈಗ ತೆರೆದರೆ ಸ್ವಲ್ಪ ನಾಚಿಕೆಯಾಗುತ್ತೆ. ಯಾಕೆ ಅಂತ ಹೇಳುತ್ತೇನೆ. ನಿಮ್ಮಲ್ಲಿ ಯಾರಾದರೂ ಬೋನಸ್ ಬಂದ ತಿಂಗಳೇ ಡಿಎಸ್‌ಎಲ್‌ಆರ್ ಕೊಂಡವರಿದ್ದರೆ ಉಪಯೋಗಕ್ಕೆ ಬಂದೀತು.

ನಾನು ಕ್ಯಾಮೆರಾ ಕೊಂಡಿದ್ದು 2016ರಲ್ಲಿ. ಬಾಕ್ಸಿನೊಳಗೆ ಬಂದಿದ್ದ 18-55 ಲೆನ್ಸು, ಮೇಲೆ ಒಂದು ಅಗ್ಗದ ಟ್ರೈಪಾಡು. ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುವುದು, ಶನಿವಾರ ಜಲಪಾತ, ಸೋಮವಾರ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಸ್ಟ್ಯಾಂಡಪ್ ಮೀಟಿಂಗು. ಜೋಗ, ಹೆಬ್ಬೆ, ಸಿರಿಮನೆ ಎಲ್ಲ ಆಯಿತು. ಜೋಗದ ಮುಂದೆ ನಿಂತು 200 ಫೋಟೋ ಹೊಡೆದು ಬಂದೆ. ಮನೆಗೆ ಬಂದು ನೋಡಿದರೆ ಆ 253 ಮೀಟರ್ ಎತ್ತರ ನನ್ನ ಫೋಟೋದಲ್ಲಿ ಗೋಡೆಗೆ ಸುಣ್ಣ ಸೋರಿದ ಹಾಗೆ ಕಾಣುತ್ತಿತ್ತು. ದೊಡ್ಡ ಜಲಪಾತದ ಕಷ್ಟವೇ ಅದು. ಅದರ ಎದುರು ಎಲ್ಲರೂ ನಿಲ್ಲುವ ಜಾಗ ಒಂದೇ, ಎಲ್ಲರಿಗೂ ಸಿಗುವ ಫೋಟೋನೂ ಒಂದೇ. ನೀರೂ ನಮ್ಮ ಕೈಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಜೋಗದ ನಲ್ಲಿ ಇರುವುದು ಅಲ್ಲಿ.

ಆಫೀಸಿನಲ್ಲಿ ಫೋಟೋಗ್ರಫಿ ಬಲ್ಲ ಒಬ್ಬ ಸೀನಿಯರ್ ಇದ್ದರು. ನನ್ನ ಫೋಟೋಗಳನ್ನೆಲ್ಲ ಕ್ಯಾಂಟೀನಿನಲ್ಲಿ ಕೂತು ತಾಳ್ಮೆಯಿಂದ ನೋಡಿ ಅವರು ಹೇಳಿದ್ದು ಇಷ್ಟೇ: “ಚಿಕ್ಕದೊಂದು ಜಲಪಾತ ಹಿಡ್ಕೋ. ಅದೇ ಒಂದಕ್ಕೆ ಹತ್ತು ಸಲ ಹೋಗು.”

ಚಿಕ್ಕದು ಅಂದ ತಕ್ಷಣ ನೆನಪಾಗಿದ್ದು ದೊಡ್ಡಪ್ಪನ ಮನೆಯ ಅಬ್ಬಿ.

ಮಲೆನಾಡಿನ ಕಡೆ ಜಲಪಾತಕ್ಕೆ ಅಬ್ಬಿ ಅನ್ನುತ್ತಾರೆ. ಆಗುಂಬೆಯ ಹತ್ತಿರದ ಒನಕೆ ಅಬ್ಬಿ, ಬರ್ಕಣ ಅಬ್ಬಿ ನೀವೂ ಕೇಳಿರಬಹುದು. ದೊಡ್ಡಪ್ಪನ ಊರು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ಸಿಗುತ್ತೆ. ಅಲ್ಲಿಯ ಅಬ್ಬಿಗೆ ಹೆಸರೇ ಇಲ್ಲ. ಅಡಿಕೆ ತೋಟ ದಾಟಿ, ಒಂದು ಕಾಲುಸಂಕ ದಾಟಿದರೆ ಹನ್ನೆರಡು ಅಡಿ ಎತ್ತರದ ಒಂದು ಕಪ್ಪು ಬಂಡೆ. ಅದರ ಮೇಲಿಂದ ನೀರು ಮೂರು ಮೆಟ್ಟಿಲಾಗಿ ಇಳಿಯುತ್ತೆ. ಕೆಳಗೆ ಸೊಂಟದಷ್ಟು ಆಳದ ಗುಂಡಿ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಹೋದಾಗ ನಾವೆಲ್ಲ ಬಿದ್ದುಕೊಂಡಿರುತ್ತಿದ್ದದ್ದು ಅದರಲ್ಲೇ. ಮನೆಗೆ ನೀರು ಬರುತ್ತಿದ್ದದ್ದೂ ಅಲ್ಲಿಂದಲೇ. ಮೊದಲು ಅಡಿಕೆ ದಬ್ಬೆಯಲ್ಲಿ, ಆಮೇಲೆ ಕಪ್ಪು ಪೈಪಿನಲ್ಲಿ. ಬಚ್ಚಲಿನ ಹಂಡೆ ಹಗಲೂ ರಾತ್ರಿ ತುಂಬಿ ಚೆಲ್ಲುತ್ತಿರುತ್ತಿತ್ತು. ಪಂಪಿಲ್ಲ, ಕರೆಂಟ್ ಬಿಲ್ಲಿಲ್ಲ. ಅಷ್ಟು ಪರಿಚಯದ ಜಾಗವಾದ್ದರಿಂದಲೇ ಏನೋ, ಅದು ಫೋಟೋ ತೆಗೆಯುವಂಥದ್ದು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

2017ರ ದೀಪಾವಳಿಗೆ ಕ್ಯಾಮೆರಾ ಹೊತ್ತುಕೊಂಡು ಹೋದೆ. ಊಟ ಮುಗಿಸಿ ಮಧ್ಯಾಹ್ನ ಎರಡು ಗಂಟೆಗೆ ಅಬ್ಬಿಯ ಮುಂದೆ ನಿಂತು ಆಟೋ ಮೋಡಿನಲ್ಲಿ ಕ್ಲಿಕ್ ಮಾಡಿದೆ. ಬಂದಿದ್ದು ಒಂದು ಅನಾಹುತ. ಎಲೆಗಳ ಸಂದಿಯಿಂದ ಬಿಸಿಲು ಬಿದ್ದ ಕಡೆ ನೀರು ಟ್ಯೂಬ್‌ಲೈಟಿನ ಹಾಗೆ ಬೆಳ್ಳಗೆ, ಉಳಿದದ್ದೆಲ್ಲ ಮಸಿ. ಕಣ್ಣಿಗೆ ಅಷ್ಟು ಚೆಂದ ಕಾಣುವುದು ಕ್ಯಾಮೆರಾಕ್ಕೆ ಯಾಕೆ ಕಾಣಲ್ಲ?

ಇದಕ್ಕೆ ಉತ್ತರ ಸಿಗಲು ನನಗೆ ಮೂರು ದಿನ ಬೇಕಾಯಿತು. ನಿಮಗೆ ಮೂರು ಮಾತಿನಲ್ಲಿ ಹೇಳುತ್ತೇನೆ. ಒಂದು: ಬಿಸಿಲು ಮತ್ತು ನೆರಳಿನ ನಡುವಿನ ವ್ಯತ್ಯಾಸವನ್ನು ನಮ್ಮ ಕಣ್ಣು ತಡೆದುಕೊಂಡಷ್ಟು ಸೆನ್ಸರ್ ತಡೆದುಕೊಳ್ಳುವುದಿಲ್ಲ. ಹಾಗಾಗಿ ಚಿಕ್ಕ ಜಲಪಾತಕ್ಕೆ ಬೆಳಿಗ್ಗೆ ಬಿಸಿಲು ಕಣಿವೆಗೆ ಇಳಿಯುವ ಮೊದಲೇ ಹೋಗಬೇಕು, ಇಲ್ಲವೇ ಮೋಡದ ದಿನ ಹೋಗಬೇಕು. ಟೂರಿಸ್ಟುಗಳು ‘ಛೇ, ಬಿಸಿಲೇ ಇಲ್ಲ’ ಅಂತ ಬೇಜಾರು ಮಾಡಿಕೊಳ್ಳುವ ದಿನವೇ ನಮ್ಮ ಹಬ್ಬ. ಎರಡು: ಕ್ಯಾಮೆರಾದ ಮೀಟರಿಗೆ ಜಗತ್ತೆಲ್ಲ ಮಧ್ಯಮ ಬೂದು ಬಣ್ಣ ಅಂತ ಒಂದು ನಂಬಿಕೆ. ಫ್ರೇಮಿನ ತುಂಬ ಬಿಳಿ ನೀರಿದ್ದರೆ ‘ಓ, ಬೆಳಕು ಜಾಸ್ತಿಯಾಯ್ತು’ ಅಂತ ಕಡಿಮೆ ಮಾಡಿ ನೀರನ್ನು ಕೊಳೆ ಬಟ್ಟೆಯ ಬಣ್ಣಕ್ಕೆ ತರುತ್ತೆ. ಫ್ರೇಮಿನ ತುಂಬ ಕಪ್ಪು ಬಂಡೆಯಿದ್ದು ನೀರು ಸಣ್ಣದಾಗಿದ್ದರೆ ಬಂಡೆಯನ್ನು ಬೂದು ಮಾಡಲು ಹೋಗಿ ನೀರನ್ನು ಪೂರ್ತಿ ಸುಟ್ಟು ಬಿಡುತ್ತೆ. ನಮ್ಮ ಅಬ್ಬಿಯದು ಎರಡನೇ ಕೇಸು. ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು ಮೈನಸ್ ಮುಕ್ಕಾಲು, ಒಂದಕ್ಕೆ ಇಳಿಸಿದ ಮೇಲೆ ನೀರಿನೊಳಗಿನ ಎಳೆಗಳು ಕಾಣತೊಡಗಿದವು. ಮೂರು: ರಾ ಫೈಲಿನಲ್ಲಿ ತೆಗೆಯಿರಿ. ಕತ್ತಲಾದ ಬಂಡೆಯನ್ನು ಆಮೇಲೆ ಸ್ವಲ್ಪ ಎತ್ತಿಕೊಳ್ಳಬಹುದು. ಸುಟ್ಟು ಹೋದ ಬಿಳಿಯನ್ನು ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ, ಅಲ್ಲಿ ಮಾಹಿತಿಯೇ ಇರುವುದಿಲ್ಲ. ಹಿಸ್ಟೋಗ್ರಾಮಿನ ಬಲ ತುದಿಗೆ ಗೆರೆ ಹೋಗಿ ಅಂಟಿಕೊಂಡಿದೆಯಾ ಅಂತ ಪ್ರತಿ ಸಲ ನೋಡಿಕೊಳ್ಳುವುದು ಒಳ್ಳೇ ಅಭ್ಯಾಸ.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಅಬ್ಬಿಯ ಮುಂದೆ ಇದ್ದೆ. ಇಂಬಳಗಳು ನನಗಿಂತ ಮೊದಲೇ ಬಂದಿದ್ದವು. ದೊಡ್ಡಮ್ಮ ಕಾಲಿಗೆ ಹಚ್ಚಿಕೊಳ್ಳಲು ಸುಣ್ಣ ತಂಬಾಕು ಕಲಸಿ ಕೊಟ್ಟಿದ್ದರು. ಟ್ರೈಪಾಡು ಊರಿ, ಐಎಸ್‌ಒ 100ಕ್ಕೆ ಇಳಿಸಿ, ಎರಡು ಸೆಕೆಂಡಿನ ಟೈಮರ್ ಇಟ್ಟು ಶಟರಿನ ವೇಗ ಒಂದೊಂದಾಗಿ ಬದಲಿಸುತ್ತಾ ಹೋದೆ. ಬೆರಳು ಒತ್ತಿದರೆ ಕ್ಯಾಮೆರಾ ಅಲುಗುತ್ತೆ, ಅದಕ್ಕೇ ಟೈಮರ್. ಟ್ರೈಪಾಡಿನ ಮೇಲಿದ್ದಾಗ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಬೇಕು ಅನ್ನುವುದೂ ಒಂದಿಷ್ಟು ಫೋಟೋ ಹಾಳಾದ ಮೇಲೆ ಗೊತ್ತಾಯಿತು. ಐನೂರರಲ್ಲಿ ಒಂದು ಸೆಕೆಂಡಿಗೆ ನೀರು ಹರಳು ಹರಳಾಗಿ ಗಾಳಿಯಲ್ಲಿ ನಿಂತುಬಿಡುತ್ತೆ. ಅರವತ್ತರಲ್ಲಿ ಒಂದಕ್ಕೆ ಅತ್ತ ಹನಿಯೂ ಅಲ್ಲ, ಇತ್ತ ಎಳೆಯೂ ಅಲ್ಲ, ಫೋಕಸ್ ತಪ್ಪಿದ ಹಾಗೆ ಕಾಣುತ್ತೆ. ಕಾಲು ಸೆಕೆಂಡಿಗೆ ದಾರದ ಎಳೆ. ಒಂದು ಸೆಕೆಂಡು ದಾಟಿದರೆ ಹಾಲು. ಎಂಟು ಹತ್ತು ಸೆಕೆಂಡಿಗೆ ಬರೀ ಮಂಜು.

ನಾನು ಹಾಲಿಗೆ ಮರುಳಾದೆ. ಆ ಚಳಿಗಾಲ ಒಂದು ಪೋಲರೈಸರ್ ಫಿಲ್ಟರ್ ಕೊಂಡೆ. ಅದರ ರಿಂಗನ್ನು ತಿರುಗಿಸಿದರೆ ಒದ್ದೆ ಬಂಡೆಯ, ಒದ್ದೆ ಎಲೆಯ ಮೇಲಿನ ಬಿಳಿ ಹೊಳಪು ಮಾಯವಾಗಿ ಒಳಗಿನ ಹಸಿರು ಎದ್ದು ಬರುತ್ತೆ. ಜೊತೆಗೆ ಒಂದೂವರೆ ಎರಡು ಸ್ಟಾಪಿನಷ್ಟು ಬೆಳಕನ್ನೂ ಅದು ನುಂಗುವುದರಿಂದ ಶಟರನ್ನು ಇನ್ನಷ್ಟು ಹೊತ್ತು ತೆರೆದಿಡಬಹುದು. ಹಾಲಿನಂಥ ನೀರು ಇನ್‌ಸ್ಟಾಗ್ರಾಮಿನ ಕಾಲದ ಶೋಕಿ ಏನಲ್ಲ. 1861ರಲ್ಲಿ ಅಮೆರಿಕದ ಕಾರ್ಲ್‌ಟನ್ ವಾಟ್ಕಿನ್ಸ್ ದೊಡ್ಡ ದೊಡ್ಡ ಗಾಜಿನ ಪ್ಲೇಟುಗಳನ್ನು ಹೊತ್ತುಕೊಂಡು ಹೋಗಿ ಯೊಸೆಮಿಟಿಯ ಜಲಪಾತಗಳನ್ನು ತೆಗೆದಾಗಲೂ ನೀರು ಹೀಗೇ ಬಂದಿತ್ತು. ಆ ಪ್ಲೇಟುಗಳು ನಿಧಾನ, ಹೆಚ್ಚು ಹೊತ್ತು ತೆರೆದಿಡದೆ ಚಿತ್ರ ಮೂಡುತ್ತಿರಲಿಲ್ಲ. ಅವರಿಗೆ ಅದು ಅನಿವಾರ್ಯ, ನಮಗೆ ಆಯ್ಕೆ. ಈ ವ್ಯತ್ಯಾಸದ ಬಗ್ಗೆ ನಾನು ಆಗ ಯೋಚಿಸಿರಲಿಲ್ಲ.

2018ರ ಸಂಕ್ರಾಂತಿಗೆ ಮತ್ತೆ ಹೋದಾಗ ಅಬ್ಬಿಯಲ್ಲಿ ನೀರು ಕಡಿಮೆಯಿತ್ತು. ಜನವರಿಯಲ್ಲಿ ಹಾಗೇ ಇರುತ್ತೆ ಅಂದುಕೊಂಡೆ. ಅಷ್ಟರಲ್ಲಿ ಕಾಂಪೊಸಿಷನ್ ಬಗ್ಗೆ ಒಂದಿಷ್ಟು ಓದಿಕೊಂಡಿದ್ದೆ. ಫ್ರೇಮಿನೊಳಗೆ ಏನಿರಬೇಕು ಅನ್ನುವುದಕ್ಕಿಂತ ಏನಿರಬಾರದು ಅನ್ನುವುದೇ ಮುಖ್ಯ ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ, ಅದನ್ನು ಶಿಸ್ತಾಗಿ ಪಾಲಿಸಿದೆ. ಎಡಗಡೆ ಬಂಡೆ ಒಣಗಿ ಬಿಳಿಚಿಕೊಂಡಿತ್ತು, ಅದನ್ನು ಬಿಟ್ಟೆ. ಕಪ್ಪು ಪೈಪು ಬೇಡ, ಬಿಟ್ಟೆ. ದೊಡ್ಡಮ್ಮ ಬಟ್ಟೆ ಒಗೆಯುವ ಕಲ್ಲು, ಅದರ ಮೇಲಿನ ನೀಲಿ ಸೋಪಿನ ಡಬ್ಬಿ ಖಂಡಿತ ಬೇಡ. ಟ್ರೈಪಾಡಿನ ಕಾಲು ಮಡಚಿ ನೀರಿನ ಮಟ್ಟಕ್ಕೆ ಇಳಿಸಿದೆ. ಕೆಳಗಿನಿಂದ ನೋಡಿದರೆ ಹನ್ನೆರಡು ಅಡಿಯೂ ಎತ್ತರ ಕಾಣುತ್ತೆ. ಮುಂದೆ ಪಾಚಿ ಹಿಡಿದ ಒಂದು ಕಲ್ಲು, ಅದರಿಂದ ಓರೆಯಾಗಿ ಕಣ್ಣು ಮೇಲೆ ಹತ್ತುವ ಹಾಗೆ ನೀರಿನ ಮೂರು ಮೆಟ್ಟಿಲು, ಮೂಲೆಯಲ್ಲಿ ಜರಿಗಿಡದ ಒಂದು ಗರಿ. ಆಕಾಶ ಒಂದು ಚೂರೂ ಇಲ್ಲ. ಅಪರ್ಚರ್ ಎಫ್ 16, ಶಟರ್ ಎರಡೂವರೆ ಸೆಕೆಂಡು.

ಅಲ್ಲಿವರೆಗೆ ನಾನು ತೆಗೆದ ಅತ್ಯುತ್ತಮ ಫೋಟೋ ಅದು. ಈಗಲೂ ಹಾಗೇ ಅನ್ನಿಸುತ್ತೆ, ಅದೇ ತೊಂದರೆ. ಫೇಸ್‌ಬುಕ್ಕಿನಲ್ಲಿ ಹಾಕಿದೆ, ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲೂ ಹಾಕಿದೆ. ‘ನಮ್ಮ ಅಬ್ಬಿ, ಸಂಕ್ರಾಂತಿಯ ಬೆಳಿಗ್ಗೆ’ ಅಂತ. ಅಮೆರಿಕದಲ್ಲಿರುವ ಅತ್ತೆಯ ಮಗ ಮೂರು ಹೃದಯ ಕಳಿಸಿದ. ಸೀನಿಯರ್ ಬೆನ್ನು ತಟ್ಟಿದರು. ಯಾರೋ ಅದನ್ನು ಊರಿನ ಗುಂಪಿಗೂ ದಾಟಿಸಿದರು.

ಫೆಬ್ರವರಿ ಕೊನೆಯಲ್ಲಿ ಒಂದು ರಾತ್ರಿ ದೊಡ್ಡಮ್ಮನ ಫೋನು. ಅದೂ ಇದೂ ಮಾತಾಡಿ, ಕೊನೆಗೆ, “ನಿನ್ನ ಫೋಟೋ ಇಲ್ಲಿ ಭಾರೀ ಗಲಾಟೆ ಮಾಡ್ತು ಮಾರಾಯ್ತಿ,” ಅಂದರು.

ವಿಷಯ ಇಷ್ಟು. ಅಬ್ಬಿಯ ಮೇಲ್ಗಡೆ ಇನ್ನೊಂದು ಮನೆಯಿದೆ. ನಾವು ಮೇಲ್ಮನೆ ಅನ್ನುತ್ತೇವೆ. ನೆಂಟರಲ್ಲ, ಆದರೆ ಹಬ್ಬಕ್ಕೆ ಕಡುಬು ಹೋಗಿ ಬಂದು ಮಾಡುವಷ್ಟು ಹತ್ತಿರ. ಅವರು ಹಿಂದಿನ ವರ್ಷ ಗದ್ದೆಯನ್ನು ತೋಟ ಮಾಡಿ ಹೊಸ ಅಡಿಕೆ ಸಸಿ ನೆಟ್ಟಿದ್ದರು. ಆ ಸಸಿಗಳಿಗೆ ಅಂತ ಫೆಬ್ರವರಿ ಮೊದಲ ವಾರ ಅಬ್ಬಿಯ ತಲೆಯ ಮೇಲೆ ಒಂದು ದೊಡ್ಡ ಪೈಪು ಕೂರಿಸಿದರು. ದೊಡ್ಡಪ್ಪನ ಹಂಡೆಗೆ ಬರುವ ನೀರು ಬೆರಳಿನಷ್ಟಾಯಿತು, ತೋಟಕ್ಕೆ ಬಿಡಲು ಏನೂ ಉಳಿಯಲಿಲ್ಲ. ದೊಡ್ಡಪ್ಪ ಹೋಗಿ ಮೇಲ್ಮನೆಯ ಜಗಲಿಯಲ್ಲಿ ಕೂತು ಕೇಳಿದರು. ಅದಕ್ಕೆ ಮೇಲ್ಮನೆಯ ಅಣ್ಣ ಮೊಬೈಲ್ ತೆಗೆದು ನನ್ನ ಫೋಟೋ ತೋರಿಸಿದನಂತೆ. “ನೋಡಿ, ನಿಮ್ಮನೆ ಹುಡುಗಿನೇ ತೆಗೆದಿದ್ದು. ಸಂಕ್ರಾಂತಿಗೂ ಬಂಡೆ ತುಂಬ ನೀರು ಬೀಳ್ತಿದೆ. ನಾವು ಒಂದು ಪೈಪ್ ಹಾಕಿದ್ದಕ್ಕೆ ಖಾಲಿ ಆಗ್ತದಾ?”

“ದೊಡ್ಡಪ್ಪ ಏನಂದ್ರು?”

“ಎಂತ ಹೇಳ್ತಾರೆ? ಫೋಟೋ ನೋಡಿ ಸುಮ್ನೆ ಎದ್ದು ಬಂದ್ರು.”

ಫೋನಿಟ್ಟ ಮೇಲೆ ಆ ಫೋಟೋ ತೆರೆದು ಕೂತೆ. ಫೈಲಿನ ಮಾಹಿತಿ ನೋಡಿದೆ. ಎರಡೂವರೆ ಸೆಕೆಂಡು. ಅವತ್ತು ಬೆಳಿಗ್ಗೆ ಕಂಡದ್ದನ್ನು ನೆನಪು ಮಾಡಿಕೊಂಡೆ. ಬಂಡೆಯ ಮೇಲೆ ನಾಲ್ಕೈದು ಸಣ್ಣ ಎಳೆಗಳು, ಗಾಳಿಗೆ ಅತ್ತಿತ್ತ ಓಲಾಡುತ್ತಾ, ಮೆಟ್ಟಿಲಿಗೆ ತಾಗಿದ ಕಡೆ ಚದುರುತ್ತಾ ಇಳಿಯುತ್ತಿದ್ದವು. ಶಟರ್ ತೆರೆದಿದ್ದ ಅಷ್ಟು ಹೊತ್ತೂ ಆ ಎಳೆಗಳು ಎಲ್ಲೆಲ್ಲಿ ಓಡಾಡಿದವೋ ಅಲ್ಲೆಲ್ಲ ಬಿಳಿ ಬಳಿದಿತ್ತು. ಒಂದೇ ಕೊಡ ನೀರನ್ನು ಅಂಗಳದ ತುಂಬ ಚಿಮುಕಿಸಿದರೆ ಅಂಗಳವೆಲ್ಲ ಒದ್ದೆಯಾಗುತ್ತಲ್ಲ, ಹಾಗೆ. ಯಾವ ಕ್ಷಣದಲ್ಲೂ ಅಷ್ಟು ನೀರು ಅಲ್ಲಿರಲಿಲ್ಲ. ಮೇಲಾಗಿ, ಒಣಗಿದ ಎಡಭಾಗವನ್ನು ನಾನೇ ಕೈಯಾರೆ ಹೊರಗಿಟ್ಟಿದ್ದೆ. ಪೈಪು, ಒಗೆಯುವ ಕಲ್ಲು ಯಾವುದೂ ಇರಲಿಲ್ಲವಾದ್ದರಿಂದ ಅಬ್ಬಿ ಹನ್ನೆರಡು ಅಡಿಯೋ ಐವತ್ತು ಅಡಿಯೋ ಅಂತ ಅಳೆಯಲೂ ದಾರಿಯಿರಲಿಲ್ಲ.

ಫೋಟೋಶಾಪಿನಲ್ಲಿ ಒಂದು ಹನಿ ನೀರನ್ನೂ ಸೇರಿಸಿರಲಿಲ್ಲ ಅನ್ನುವುದು ನನ್ನ ಸಮಾಧಾನ. ಆದರೆ ಆ ಸಮಾಧಾನ ದೊಡ್ಡಪ್ಪನ ಹಂಡೆ ತುಂಬಿಸುವುದಿಲ್ಲವಲ್ಲ.

ಆ ಶುಕ್ರವಾರವೇ ಬಸ್ಸು ಹತ್ತಿದೆ. ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ದೊಡ್ಡಪ್ಪ ಬೈಯಲಿಲ್ಲ. ಕಾಫಿ ಕುಡಿದಾದ ಮೇಲೆ ಜಗಲಿಯಲ್ಲಿ ಕೂತು ಕವಳ ಹಾಕುತ್ತಾ, “ಫೋಟೋ ಚೆನ್ನಾಗೇ ಇದೆ ಮಗಾ,” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಅದು ಎಷ್ಟು ಹೊತ್ತಿನ ನೀರು?”

ಎರಡು ವರ್ಷ ಫೋಟೋಗ್ರಫಿ ಕಲಿತ ನನಗೆ ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಎರಡೂವರೆ ಸೆಕೆಂಡಿನದು ಅಂದೆ. ಅವರು ತಲೆಯಾಡಿಸಿ ಒಳಗೆ ಹೋಗಿ ಗೋಡೆಯ ಕ್ಯಾಲೆಂಡರುಗಳನ್ನು ತಂದರು. ಒಂದಲ್ಲ, ಮೊಳೆಯಲ್ಲಿ ಒಂದರ ಹಿಂದೆ ಒಂದು ಸಿಕ್ಕಿಸಿಟ್ಟಿದ್ದ ಮೂರು ವರ್ಷದ್ದು. ತಿಂಗಳ ಮೊದಲ ಭಾನುವಾರದ ಚೌಕದಲ್ಲಿ ಪೆನ್ಸಿಲಿನಲ್ಲಿ ಒಂದೊಂದು ಅಂಕಿ.

“ಅಬ್ಬಿ ಕೆಳಗೆ ದಬ್ಬೆ ಇಟ್ಟಿದೀನಲ್ಲ, ಅದಕ್ಕೆ ಕೊಡ ಹಿಡೀತೀನಿ. ತುಂಬೋಕೆ ಎಷ್ಟು ಸೆಕೆಂಡು ಅಂತ ಎಣಿಸ್ತೀನಿ. ನಿನ್ನ ಕೆಲಸನೇ ನಂದೂ.”

2016ರ ಜನವರಿ: 9. ಆ ವರ್ಷ ಮಳೆ ಕೈಕೊಟ್ಟಿತು, 2017ರ ಜನವರಿ: 12. 2018ರ ಜನವರಿ: 14. ಹಿಂದಿನ ದಿನ ಅಂದರೆ ಪೈಪು ಕೂರಿಸಿದ ಮೇಲೆ ಎಣಿಸಿದ್ದನ್ನು ಅಂಚಿನಲ್ಲಿ ಬರೆದಿದ್ದರು: 24. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಆಗುಂಬೆಯ ಪಕ್ಕದಲ್ಲಿ ಕೂತು ದೊಡ್ಡಪ್ಪ ನೀರು ಎಣಿಸುತ್ತಿದ್ದರು. ನಾನು ವರ್ಷಕ್ಕೆ ನಾಲ್ಕು ಸಲ ಆ ಮನೆಗೆ ಹೋಗುತ್ತಿದ್ದವಳು, ಆ ಕ್ಯಾಲೆಂಡರಿನ ಕೆಳಗೇ ಕೂತು ಮೊಬೈಲ್ ಚಾರ್ಜ್ ಮಾಡಿಕೊಳ್ಳುತ್ತಿದ್ದವಳು, ಒಂದು ದಿನವೂ ಅದನ್ನು ನೋಡಿರಲಿಲ್ಲ.

“ಇದನ್ನ ಅವರಿಗೆ ತೋರಿಸಲಿಲ್ವಾ ದೊಡ್ಡಪ್ಪ?”

“ಪೆನ್ಸಿಲ್ ಅಂಕಿ ಯಾರು ನಂಬ್ತಾರೆ? ಫೋಟೋ ನಂಬ್ತಾರೆ.”

ಮರುದಿನ ಬೆಳಿಗ್ಗೆ ಮತ್ತೆ ಅಬ್ಬಿಗೆ ಹೋದೆ. ಈ ಸಲ ಜೊತೆಗೆ ದೊಡ್ಡಪ್ಪ, ದೊಡ್ಡಪ್ಪನ ಜೊತೆಗೆ ಕೊಡ. ಸಂಕ್ರಾಂತಿಗೆ ಎಲ್ಲಿ ಟ್ರೈಪಾಡು ಇಟ್ಟಿದ್ದೆನೋ ಅದೇ ಜಾಗ ಹುಡುಕಿದೆ. ಹಳೇ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು, ಪಾಚಿಗಲ್ಲು ಮೂಲೆಗೆ ಕೂಡುವವರೆಗೆ ಸರಿಸಿದೆ. ಮೊದಲು ಹಳೆಯ ಲೆಕ್ಕದಲ್ಲೇ ಒಂದು: ಎಫ್ 16, ಎರಡೂವರೆ ಸೆಕೆಂಡು. ನೀರು ಸಂಕ್ರಾಂತಿಗಿಂತ ಎಷ್ಟೋ ಕಡಿಮೆಯಾಗಿದ್ದರೂ ಫೋಟೋ ಮಾತ್ರ ಹಾಲೋ ಹಾಲು. ಆಮೇಲೆ ಫಿಲ್ಟರ್ ಬಿಚ್ಚಿದೆ, ಅಪರ್ಚರ್ ಎಫ್ 4ಕ್ಕೆ ತೆರೆದೆ, ಐಎಸ್‌ಒ 1600ಕ್ಕೆ ಏರಿಸಿದೆ. ಶಟರ್ ಇನ್ನೂರೈವತ್ತರಲ್ಲಿ ಒಂದು ಸೆಕೆಂಡಿಗೆ ಬಂತು. ಬೆಳಕಿನ ಲೆಕ್ಕದಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ. ಎಕ್ಸ್‌ಪೋಷರ್ ಅಂದರೆ ಇದೇ ಆಟ: ಕಿಂಡಿ ದೊಡ್ಡದು ಮಾಡಿದರೆ ಹೊತ್ತು ಕಡಿಮೆ ಸಾಕು, ಹೊತ್ತು ಹೆಚ್ಚು ಮಾಡಿದರೆ ಕಿಂಡಿ ಚಿಕ್ಕದು ಸಾಕು. ಬರುವ ಫೋಟೋಗಳ ಬೆಳಕು ಒಂದೇ, ಹೇಳುವ ಮಾತು ಬೇರೆ. ಎರಡನೆಯದರಲ್ಲಿ ಬಂಡೆಯ ಮೇಲೆ ಮೂರು ತೆಳ್ಳನೆಯ ಎಳೆ, ಅಲ್ಲಲ್ಲಿ ಒಂದಿಷ್ಟು ಹನಿ. ಅಷ್ಟೇ. ನಡುವಿನ ಅಂತರ ಒಂದು ನಿಮಿಷ.

ಮೂರನೆಯದು ಬೇರೆ ತೆಗೆದೆ. ಎರಡು ಹೆಜ್ಜೆ ಹಿಂದೆ ಸರಿದು, ಲೆನ್ಸನ್ನು 18ಕ್ಕೆ ತಂದು, ಹಿಂದೆ ಬಿಟ್ಟಿದ್ದನ್ನೆಲ್ಲ ಒಳಗೆ ಕರೆದೆ. ಒಣಗಿ ಬಿಳಿಚಿದ ಎಡಬಂಡೆ, ತಲೆಯ ಮೇಲಿನ ಹೊಸ ಪೈಪು, ನಮ್ಮ ಹಳೇ ಪೈಪು, ಒಗೆಯುವ ಕಲ್ಲು, ನೀಲಿ ಡಬ್ಬಿ. ದಬ್ಬೆಯ ಬಾಯಿಗೆ ಕೊಡ ಹಿಡಿದು ಕುಕ್ಕರುಗಾಲಲ್ಲಿ ಕೂತು ತುಟಿ ಅಲ್ಲಾಡಿಸುತ್ತಾ ಎಣಿಸುತ್ತಿದ್ದ ದೊಡ್ಡಪ್ಪ. ಮುಂಗಡೆಯಲ್ಲಿ ಅದೇ ಪಾಚಿಗಲ್ಲು, ಅದರಿಂದ ಓರೆಯಾಗಿ ಕೊಡ, ಕೊಡದಿಂದ ದಬ್ಬೆ, ದಬ್ಬೆಯಿಂದ ಮೇಲೆ ಮೂರು ಎಳೆ ನೀರು, ಅದರಾಚೆ ಪೈಪು. ಕಣ್ಣು ಹತ್ತುವ ದಾರಿ ಮೊದಲಿಗಿಂತ ಸಲೀಸಾಗಿತ್ತು. ನಿಜ ಹೇಳಬೇಕೆಂದರೆ, ಸಾಕ್ಷಿಗೆ ಅಂತ ತೆಗೆದ ಫೋಟೋ ಇಷ್ಟು ಚೆನ್ನಾಗಿ ಕೂಡಿಬಂದೀತು ಅಂತ ನಾನು ಅಂದುಕೊಂಡಿರಲಿಲ್ಲ. ಅಬ್ಬಿ ಎಷ್ಟು ಚಿಕ್ಕದು ಅನ್ನುವುದು ಮೊದಲ ಸಲ ನನ್ನ ಫೋಟೋದಲ್ಲಿ ಕಂಡಿತು. ಚಿಕ್ಕದಾಗಿದ್ದಕ್ಕೇ ಚೆಂದ ಕಂಡಿತು.

ಸಂಜೆ ನಾವಿಬ್ಬರೂ ಮೇಲ್ಮನೆಗೆ ಹೋದೆವು. ಅಲ್ಲಿಯ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಮೊದಲೆರಡು ಫೋಟೋ ಅಕ್ಕಪಕ್ಕ ಇಟ್ಟೆ. “ಅಣ್ಣಾ, ಇವೆರಡೂ ಇವತ್ತು ಬೆಳಿಗ್ಗೆ ಒಂದು ನಿಮಿಷದ ಅಂತರದಲ್ಲಿ ತೆಗೆದಿದ್ದು. ನೀರು ಒಂದೇ. ಸಂಕ್ರಾಂತಿದೂ ಹೀಗೇ ತೆಗೆದಿದ್ದು. ತಪ್ಪು ನಂದು,” ಅಂದೆ.

ಅಣ್ಣ ಬಗ್ಗಿ ನೋಡಿದ. ಬುದ್ಧಿವಂತ. “ಓ, ಇದು ಸ್ಲೋ ಶಟರ್ ಅಲ್ವಾ? ನನ್ನ ಫೋನಲ್ಲೂ ಬರ್ತದೆ,” ಅಂದವನು ಆಮೇಲೆ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ದನಿ ತಗ್ಗಿಸಿ, “ಸಸಿಗೆ ಸಾಲ ಮಾಡಿದೀನಿ. ಈ ಬೇಸಿಗೆ ನೀರು ಸಿಗದಿದ್ರೆ ಅಷ್ಟೂ ಹೋಗ್ತದೆ,” ಅಂದ. ಆ ಮಾತಿಗೂ ನಮ್ಮ ಹತ್ತಿರ ಉತ್ತರವಿರಲಿಲ್ಲ. ನನ್ನ ಮೂರನೇ ಫೋಟೋದಲ್ಲಿ ಅವನ ಪೈಪು ಕಳ್ಳನ ಹಾಗೆ ಕಾಣುತ್ತಿತ್ತು. ಪೈಪಿನ ಇನ್ನೊಂದು ತುದಿಯಲ್ಲಿದ್ದ ಸಸಿಗಳು ಫ್ರೇಮಿನ ಹೊರಗಿದ್ದವು. ಎಷ್ಟು ಹಿಂದೆ ಸರಿದರೂ ಏನಾದರೊಂದು ಹೊರಗೆ ಉಳಿಯುತ್ತೆ. ಆ ಫೋಟೋವನ್ನು ಅವತ್ತು ತೋರಿಸಲಿಲ್ಲ.

ಜಗಳ ಮುಗಿಸಿದ್ದು ಕೊನೆಗೂ ಫೋಟೋ ಅಲ್ಲ, ಕೊಡ. ಮಾರನೇ ದಿನ ಅದೇ ಕೊಡವನ್ನು ಎರಡೂ ಪೈಪಿನ ಬಾಯಿಗೆ ಹಿಡಿದು ಎಲ್ಲರೆದುರೇ ಎಣಿಸಿದರು. ಕುಡಿಯಲು, ಬಚ್ಚಲಿಗೆ ನಮ್ಮ ಮನೆ ಪೈಪು ಯಾವಾಗಲೂ ಹರಿಯಬೇಕು; ತೋಟದ ನೀರು ಒಂದು ದಿನ ಅವರಿಗೆ, ಒಂದು ದಿನ ಇವರಿಗೆ, ಮಳೆ ಹಿಡಿಯುವವರೆಗೆ ಅಂತ ಮಾತಾಯಿತು. ಮಾತು ನಡೆಯಿತು ಕೂಡ. ಹಾಗಂತ ಎಲ್ಲ ಸುಖಾಂತವಾಗಲಿಲ್ಲ. ಮೇ ತಿಂಗಳಲ್ಲಿ ಕೆಲವು ದಿನ ಅಬ್ಬಿ ಪೂರ್ತಿ ನಿಂತೇಹೋಯಿತು. ಮೇಲ್ಮನೆಯ ಒಂದಿಷ್ಟು ಸಸಿ ಒಣಗಿದವು. ದೊಡ್ಡಪ್ಪನ ತೋಟದಲ್ಲೂ ಎಳೆಕಾಯಿ ಉದುರಿತು. ಆದರೆ ಎರಡೂ ಮನೆಯವರು ಒಬ್ಬರನ್ನೊಬ್ಬರು ಕಂಡು ಮುಖ ತಿರುಗಿಸುವ ಹಾಗೆ ಆಗಲಿಲ್ಲ. ಯುಗಾದಿಗೆ ಹೋಳಿಗೆ ಹೋಯಿತು, ಹೋಳಿಗೆ ಬಂತು.

ಇಷ್ಟೆಲ್ಲ ಆದಮೇಲೆ ನಾನು ನಿಧಾನ ಶಟರ್ ಬಿಟ್ಟೆನಾ ಅಂತ ಕೇಳಿದರೆ, ಇಲ್ಲ. ಹಾಲಿನಂಥ ನೀರು ಇವತ್ತಿಗೂ ನನಗೆ ಇಷ್ಟ. ಅದು ಸುಳ್ಳು ಅಂತಲೂ ನಾನು ಹೇಳುವುದಿಲ್ಲ. ಎರಡೂವರೆ ಸೆಕೆಂಡು ನೀರಿನ ಮುಂದೆ ನಿಂತರೆ ಮನಸ್ಸಿಗೆ ಅನ್ನಿಸುವುದು ಸುಮಾರಾಗಿ ಹಾಗೇ. ಆದರೆ ಈಗ ಟ್ರೈಪಾಡು ಬಿಚ್ಚುವ ಮೊದಲು ಕೈಕಟ್ಟಿಕೊಂಡು ಐದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ನೀರು ಎಷ್ಟಿದೆ, ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ ಅಂತ ನೋಡಿಕೊಳ್ಳುತ್ತೇನೆ. ಕಾಲು ಸೆಕೆಂಡಿನಿಂದ ಶುರು ಮಾಡುತ್ತೇನೆ. ತುಂಬಿ ಬೀಳುವ ನೀರಿಗೆ ಅಷ್ಟೇ ಸಾಕು, ಎಳೆಗಳು ಉಳಿಯುತ್ತವೆ. ತೆಳ್ಳಗಿನ ನೀರಿಗೆ ಹೊತ್ತು ಹೆಚ್ಚು ಕೊಡುವ ಆಸೆಯಾದಾಗ ಯಾಕೆ ಅಂತ ನನ್ನನ್ನೇ ಕೇಳಿಕೊಳ್ಳುತ್ತೇನೆ. ಪ್ರತಿ ಜಾಗದಲ್ಲೂ ಒಂದು ಅಗಲದ ಫೋಟೋ ತೆಗೆದಿಡುತ್ತೇನೆ. ಯಾರಿಗೂ ತೋರಿಸದಿದ್ದರೂ ಸರಿ, ಬಿಟ್ಟದ್ದೇನು ಅನ್ನುವುದು ನನಗಾದರೂ ಗೊತ್ತಿರಲಿ ಅಂತ. ಫೋಟೋ ಹಾಕುವಾಗ ಕೆಳಗೆ ಶಟರಿನ ಹೊತ್ತನ್ನೂ ಬರೆಯುತ್ತೇನೆ. ಗೆಳೆಯರು ಅದನ್ನು ಟೆಕ್ನಿಕಲ್ ಜಂಬ ಅಂದುಕೊಂಡಿದ್ದಾರೆ. ಇರಲಿ.

ದೊಡ್ಡಪ್ಪನಿಗೆ ಆ ಏಪ್ರಿಲ್‌ನಲ್ಲಿ ನನ್ನ ಹಳೇ ಫೋನು ಕೊಟ್ಟು ಬಂದೆ. ಪಾಚಿಗಲ್ಲಿನ ಪಕ್ಕ ಎರಡು ಕಾಲು ಊರಲು ಒಂದು ಚಪ್ಪಡಿ ಹಾಕಿ, “ಇಲ್ಲೇ ನಿಂತು ತೆಗೀರಿ, ಪ್ರತಿ ಸಲ ಇಲ್ಲೇ,” ಅಂದೆ. ಅವರು ತಿಂಗಳಿಗೊಂದಲ್ಲ, ಪ್ರತಿ ಭಾನುವಾರ ತೆಗೆದು ಕಳಿಸತೊಡಗಿದರು. ಫ್ರೇಮು ಓರೆ, ಮೂಲೆಯಲ್ಲಿ ಅರ್ಧ ಹೆಬ್ಬೆರಳು. ಆದರೆ ಕೊಡ, ದಬ್ಬೆ, ನೀರು ಮೂರೂ ಯಾವತ್ತೂ ತಪ್ಪುವುದಿಲ್ಲ. ಕೆಳಗೆ ಒಂದು ಅಂಕಿ. 26. 31. 40. ಮೇನಲ್ಲಿ ಎರಡು ವಾರ ಖಾಲಿ ಬಂಡೆಯ ಫೋಟೋ, ಅಂಕಿಯೇ ಇಲ್ಲ. ಆಫೀಸಿನ ಏಸಿಯಲ್ಲಿ ಕೂತು ಅವನ್ನು ನೋಡುವಾಗ ಬಾಯಿ ಒಣಗುತ್ತಿತ್ತು.

ಜೂನಿನಲ್ಲಿ ಮಳೆ ಹಿಡಿಯಿತು. ಎರಡನೇ ವಾರದ ಭಾನುವಾರ ಬೆಳಿಗ್ಗೆ ದೊಡ್ಡಪ್ಪನ ಫೋಟೋ ಬಂತು. ಲೆನ್ಸಿನ ಮೇಲೆಲ್ಲ ಹನಿ, ಅರ್ಧಕ್ಕರ್ಧ ಮಸುಕು. ಫೋನಿನ ಶಟರ್ ಎಷ್ಟು ವೇಗದಲ್ಲಿತ್ತೋ ಏನೋ, ಬಂಡೆಯ ಈ ತುದಿಯಿಂದ ಆ ತುದಿಯವರೆಗೆ ನೀರು ಬೆಳ್ಳಗೆ, ಕೆಂಪಗೆ, ಉಕ್ಕಿಕೊಂಡು ಇಳಿಯುತ್ತಿತ್ತು. ಹೆಬ್ಬೆರಳು ಮಾಮೂಲಿ ಜಾಗದಲ್ಲೇ ಇತ್ತು. ಕೊಡ ಕಾಣಲಿಲ್ಲ, ದಬ್ಬೆಯೂ ಕಾಣಲಿಲ್ಲ. ಕೆಳಗೆ ಅಂಕಿಯ ಬದಲು ಒಂದು ಸಾಲು ಬರೆದಿದ್ದರು:

“ಇವತ್ತು ಕೊಡ ಇಡೋಕೆ ಆಗ್ಲಿಲ್ಲ ಮಗಾ, ನೀರು ಒದ್ದು ಹಾಕ್ತು.”